ಅರ್ಧ ಸರಿಸಿದ ಗೆರೆ

ಸಮುದ್ರಕ್ಕೇ ತಲೆ ಕೆಟ್ಟಿತ್ತು, ನನ್ನ ತಮ್ಮ ತಾನೇ ಏನು ಮಾಡ್ತಾನೆ ಪಾಪ, ಎಂದು ಅಕ್ಕ ಮೆಟ್ಟಿಲ ಬಳಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದ ಅವನಿಗೆ ಸಣ್ಣ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. ಕೇಳಿಸದಿರಲಿ ಎಂದು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಆದರೆ ನಲ್ಲಿಯ ಸದ್ದಿಗೆ ಸೋಲುವ ಗಂಟಲಲ್ಲ ಅಕ್ಕನದು. ಸಾಗರದ ಪಶ್ಚಿಮದ ಕಡೆ ನೀರು ಒಂದೂವರೆ ಡಿಗ್ರಿ ಹೆಚ್ಚು ಕಾದಿತ್ತಂತೆ, ಪೂರ್ವದ ಕಡೆ ತಣ್ಣಗಾಗಿತ್ತಂತೆ, ಕೆಲವು ವರ್ಷಗಳಿಗೊಮ್ಮೆ ಸಾಗರ ಹೀಗೆ ಮಗ್ಗುಲು ಬದಲಿಸುತ್ತದಂತೆ, ಅಂಥ ವರ್ಷ ಚಂಡಮಾರುತಗಳು ಯಾರಪ್ಪನ ಮಾತನ್ನೂ ಕೇಳುವುದಿಲ್ಲವಂತೆ. ಪಕ್ಕದ ಮನೆಯಾಕೆ ಹೌದಾ, ಅಯ್ಯೋ, ಎನ್ನುತ್ತಿದ್ದಳು. ಡಿಗ್ರಿಯ ವಿಷಯದಲ್ಲಿ ಅಕ್ಕ ಎಲ್ಲೂ ತಪ್ಪಲಿಲ್ಲ. ಇಲಾಖೆಯ ಪತ್ರಿಕಾ ಪ್ರಕಟಣೆಯನ್ನು ಅವಳ ಕೈಯಲ್ಲೇ ಓದಿಸಬಹುದಿತ್ತು. ನಿರ್ದೇಶಕರಿಗಿಂತ ಹೆಚ್ಚು ನಂಬಿಕೆ ಬರುವ ಹಾಗೆ ಹೇಳುತ್ತಿದ್ದಳು. ಈ ಪಾಠವನ್ನೆಲ್ಲ ಕಲಿಸಿದವನು ಅವನೇ. ಭಾವ ತೀರಿಕೊಂಡ ಐದನೆಯ ದಿನ, ಗೋಡೆಗೆ ಒರಗಿ ಕೂತಿದ್ದ ಅಕ್ಕ ಯಾಕೆ ಹೀಗಾಯ್ತು ಎಂದು ಯಾರನ್ನೂ ನೋಡದೆ ಕೇಳಿದಾಗ, ನಾಲಿಗೆಯ ತುದಿಗೆ ಬಂದಿದ್ದ ಉತ್ತರವನ್ನು ನುಂಗಿಕೊಂಡು, ಒಂದು ಹಳೆಯ ಲಕೋಟೆಯ ಬೆನ್ನಿಗೆ ಸಾಗರದ ಚಿತ್ರ ಬರೆದು, ಇಲ್ಲಿ ಬಿಸಿ, ಇಲ್ಲಿ ತಂಪು, ಗಾಳಿ ಹೀಗೆ, ಎಂದು ಅರ್ಧ ಗಂಟೆ ವಿವರಿಸಿದ್ದ. ಸಾವಿನ ಮನೆಯಲ್ಲಿ ಸಾಗರಶಾಸ್ತ್ರದ ಪಾಠ ಮಾಡಿದ ಮೊದಲ ಮನುಷ್ಯ ತಾನೇ ಇರಬೇಕು ಎಂದು ಅವನಿಗೆ ಆಮೇಲೆ ಅನ್ನಿಸಿತು. ಅಕ್ಕ ಮಾತ್ರ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡಿದ್ದಳು.

ಅವನು ಹವಾಮಾನ ಕಚೇರಿಯಲ್ಲಿ ಚಂಡಮಾರುತಗಳ ದಾರಿ ಗುರುತಿಸುವವನು. ಸಾಗರದ ನಡುವೆ ಎಲ್ಲೋ ಮೋಡ ಸುತ್ತಿಕೊಳ್ಳಲು ಶುರುವಾದರೆ ಸಾಕು, ಅದು ಇವತ್ತು ಎಲ್ಲಿದೆ, ನಾಳೆ ಎಲ್ಲಿರುತ್ತದೆ, ಯಾವ ಊರಿನ ಹತ್ತಿರ ದಡ ಹತ್ತುತ್ತದೆ ಎಂದು ಆರು ಗಂಟೆಗೊಮ್ಮೆ ನಕ್ಷೆಯ ಮೇಲೆ ಗೆರೆ ಎಳೆಯುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಎದುರಿಗೆ ಸರ್ ಎನ್ನುವ ಕಚೇರಿಯವರು ಬೆನ್ನ ಹಿಂದೆ ಅವನನ್ನು ಗೆರೆಯಪ್ಪ ಎನ್ನುತ್ತಾರೆ. ಅದು ಅವನಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರುವುದರಲ್ಲಿ ಅವನದು ಎತ್ತಿದ ಕೈ. ಆರು ತಿಂಗಳ ಹಿಂದೆ ಒಂದು ಚಂಡಮಾರುತ ಅವನ ಗೆರೆಯನ್ನು ಬಿಟ್ಟು ನೂರು ಕಿಲೋಮೀಟರ್ ಉತ್ತರಕ್ಕೆ ದಡ ಹತ್ತಿ, ಅಲ್ಲಿನ ಬಂದರಿನಲ್ಲಿ ಹನ್ನೆರಡು ಜನರ ಪ್ರಾಣ ತೆಗೆಯಿತು. ಅವರಲ್ಲಿ ಒಬ್ಬರು ಭಾವ, ಬಂದರಿನ ದೊಡ್ಡ ಕ್ರೇನ್ ನಡೆಸುತ್ತಿದ್ದವರು. ಅಂದಿನಿಂದ ಅಕ್ಕ ಇವನ ಮನೆಯಲ್ಲಿದ್ದಾಳೆ. ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವಳಲ್ಲ. ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾಳೆ, ಕಾಲುಚೀಲಗಳನ್ನು ಜೋಡಿ ಮಾಡಿ ಮಡಿಸಿಡುತ್ತಾಳೆ, ಟೀವಿಯಲ್ಲಿ ಹವಾಮಾನದ ಸುದ್ದಿ ಶುರುವಾದರೆ ಎದ್ದು ಹೋಗಿ ಬಂದ್ ಮಾಡುತ್ತಾಳೆ, ನೋವಾಗುವುದು ಇವನಿಗೆ ಎಂಬಂತೆ. ಬೈದಿದ್ದರೆ, ಶಾಪ ಹಾಕಿದ್ದರೆ, ತಟ್ಟೆ ಎತ್ತಿ ಎಸೆದಿದ್ದರೆ ಅವನು ತಲೆ ತಗ್ಗಿಸಿ ಕೂತು, ಸ್ವಲ್ಪ ಅತ್ತು, ಶಿಕ್ಷೆ ಮುಗಿಸಿದವನಂತೆ ಎದ್ದು ಬರಬಹುದಿತ್ತು. ಇಸ್ತ್ರಿಯ ಅಂಗಿಯೊಳಗೆ ಅಂಥ ಅನುಕೂಲ ಇರಲಿಲ್ಲ.

ಹೆಂಡತಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಚೀಲಕ್ಕೆ ಉತ್ತರಪತ್ರಿಕೆಗಳನ್ನು ತುರುಕುತ್ತ, ದನಿ ತಗ್ಗಿಸಿ, “ಅಕ್ಕ ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ. ಎರಡು ದಿನದಿಂದ ಬಾಯಿ ತೆಗೀತಾರೆ, ಮುಚ್ಕೋತಾರೆ. ಇವತ್ತು ಮಧ್ಯಾಹ್ನ ಊಟಕ್ಕೆ ಮನೆಗೇ ಬಂದ್ಬಿಡಿ” ಎಂದಳು. ಎರಡು ದಿನದ ಹಿಂದೆಯೇ ಪತ್ರಿಕೆಯ ಒಳಪುಟದಲ್ಲಿ ಬೆರಳಗಲದ ಒಂದು ಸುದ್ದಿ ಬಂದಿತ್ತು: ಬಂದರಿನ ಚಂಡಮಾರುತದ ಪರಿಶೀಲನಾ ಸಭೆ, ಅಂದು ಬೆಳಿಗ್ಗೆ ಕಚೇರಿಯ ಕೈಯಲ್ಲಿ ಯಾವ ನಕ್ಷೆಗಳಿದ್ದವು ಎಂಬ ಪ್ರಶ್ನೆಯೂ ಬರಲಿದೆ. ಆ ಪುಟ ಅಕ್ಕನ ಮಂಚದ ಮೇಲೆ ಬಿದ್ದಿದ್ದನ್ನು ಅವನೇ ಕಂಡಿದ್ದ. ಅಂದರೆ ಅವಳಿಗೆ ಗೊತ್ತಾಗಿದೆ. ಕೇಳುತ್ತಾಳೆ. ಕೇಳಿದರೆ ಹೇಳಲೇಬೇಕು, ಕೇಳುವ ಮೊದಲೇ ತಾನಾಗಿ ಹೇಳಿದರೆ ಸ್ವಲ್ಪ ಮರ್ಯಾದೆಯಾದರೂ ಉಳಿದೀತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ಇದನ್ನೇ ಲೆಕ್ಕ ಹಾಕುತ್ತಿದ್ದಾಗ ಪಕ್ಕದಲ್ಲಿ ನಿಂತ ಗುರುತಿನವನೊಬ್ಬ, ಸರ್, ಇವತ್ತು ಮಳೆ ಉಂಟೋ ಇಲ್ಲವೋ, ಎಂದು ಕೇಳಿದ. ಇಲ್ಲ ಎಂದ. ಆತ ಚೀಲಕ್ಕೆ ಕೈ ಹಾಕಿ ಛತ್ರಿ ಇದೆಯೇ ಎಂದು ಮುಟ್ಟಿ ನೋಡಿಕೊಂಡ.

ಚಂಡಮಾರುತ ಬಂದ ದಿನ ಬೆಳಿಗ್ಗೆ ಐದೂ ನಲವತ್ತು. ಆ ಹೊತ್ತನ್ನು ಅವನು ಈಗ ಎಲ್ಲಿ ಬೇಕಾದರೂ ನೋಡಬಲ್ಲ, ಬಸ್ಸಿನ ಗಾಜಿನಲ್ಲಿ ಕೂಡ. ಮೂರು ಕಂಪ್ಯೂಟರುಗಳಿಂದ ಮೂರು ಹೊಸ ನಕ್ಷೆ ಬಂದಿದ್ದವು. ಅವುಗಳಲ್ಲಿ ಯಾವತ್ತೂ ಒಂದನ್ನು ಕಂಡರೆ ಇನ್ನೊಂದಕ್ಕಾಗದು, ಅವತ್ತು ಮಾತ್ರ ಮೂರಕ್ಕೂ ಒಂದೇ ಅಭಿಪ್ರಾಯ. ಚಂಡಮಾರುತ ಹಳೆಯ ಗೆರೆ ಬಿಟ್ಟು ಇನ್ನೂರು ಕಿಲೋಮೀಟರ್ ಉತ್ತರಕ್ಕೆ, ನೆಟ್ಟಗೆ ಬಂದರಿನ ಮೇಲೆಯೇ ಬರುತ್ತದೆ. ಗೆರೆಯನ್ನು ಬಂದರಿಗೆ ಒಯ್ದರೆ ಬಂದರು ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕೆಂಪು ಎಂದರೆ ಇದ್ದವರು ಇದ್ದ ಹಾಗೆ ಜಾಗ ಖಾಲಿ ಮಾಡಬೇಕು. ಹಳದಿ ಎಂದರೆ ಎಚ್ಚರವಾಗಿರಿ, ಅಷ್ಟೆ. ಎಚ್ಚರವಾಗಿರುವುದಕ್ಕೆ ಯಾರೂ ಲಾರಿ ಹತ್ತುವುದಿಲ್ಲ. ಆದರೆ ಅವರ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಹೊಸಬರಿಗೆ ಹಳಬರು ಮೊದಲ ವಾರವೇ ಕಿವಿಯಲ್ಲಿ ಹೇಳುತ್ತಾರೆ: ಹೊಸ ನಕ್ಷೆ ಎಷ್ಟೇ ದೂರ ಜಿಗಿಯಲಿ, ಗೆರೆಯನ್ನು ಅರ್ಧ ಮಾತ್ರ ಸರಿಸು. ಆರು ಗಂಟೆಯ ನಂತರದ ನಕ್ಷೆಯೂ ಅದನ್ನೇ ಹೇಳಿದರೆ ಉಳಿದರ್ಧ ಸರಿಸು. ಹೀಗೆ ಮಾಡಿದರೆ ಗೆರೆ ಇವತ್ತು ಉತ್ತರಕ್ಕೆ, ನಾಳೆ ದಕ್ಷಿಣಕ್ಕೆ ಎಂದು ಕುಡುಕನಂತೆ ಓಲಾಡುವುದಿಲ್ಲ, ಜನ ನಗುವುದಿಲ್ಲ, ಇಲಾಖೆಗೆ ಗಾಂಭೀರ್ಯ ಇರುತ್ತದೆ. ಚಂಡಮಾರುತಕ್ಕೆ ಈ ಪದ್ಧತಿ ತಿಳಿಸುವ ವ್ಯವಸ್ಥೆ ಮಾತ್ರ ಇಲಾಖೆಯಲ್ಲಿ ಇರಲಿಲ್ಲ. ಅವನು ನೂರು ಕಿಲೋಮೀಟರ್ ಸರಿಸಿದ. ಬಂದರು ಹಳದಿಯಾಯಿತು. ಆರು ಗಂಟೆಗೆ ಬುಲೆಟಿನ್ ಹೊರಟಿತು.

ಹಾಗೆಂದು ಅವನು ಪದ್ಧತಿಯ ಗುಲಾಮ ಎನ್ನುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಒಮ್ಮೆ ಪೂರ್ತಿ ಸರಿಸಿ ನೋಡಿದ್ದ. ಆಗ ವಯಸ್ಸಿತ್ತು, ತಲೆಯಲ್ಲಿ ಕೂದಲಿತ್ತು, ಸರಿ ಎಂದು ಕಂಡದ್ದನ್ನು ಮಾಡಬೇಕೆಂಬ ಹುಮ್ಮಸ್ಸಿತ್ತು. ಒಂದೇ ಏಟಿಗೆ ಗೆರೆಯನ್ನು ದೊಡ್ಡ ಊರೊಂದರ ಮೇಲೆ ತಂದಿಟ್ಟ. ನಲವತ್ತು ಸಾವಿರ ಜನರನ್ನು ಶಾಲೆಗಳಿಗೆ, ಗೋದಾಮುಗಳಿಗೆ ಸಾಗಿಸಿದರು. ಚಂಡಮಾರುತ ಮನಸ್ಸು ಬದಲಿಸಿ ಸಮುದ್ರದಲ್ಲೇ ಕರಗಿತು. ಆ ಊರಿಗೆ ಬಿದ್ದದ್ದು ಅಂಗಳದ ಧೂಳು ನೆನೆಯುವಷ್ಟು ಹನಿ. ಮರುದಿನ ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ವಿಷಾದ ವ್ಯಕ್ತಪಡಿಸಲು ಹೇಳಿದರು. ವ್ಯಕ್ತಪಡಿಸಿದ. ಹಾಗೆ ಹೇಳುವಾಗ ಮೂಗಿನ ತುದಿಯಲ್ಲಿ ಒಂದು ಬೆವರ ಹನಿ ನಿಂತಿತ್ತು, ಅದನ್ನು ಒರೆಸಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಿದ್ದ ಅವನ ಮುಖವನ್ನು ಟೀವಿಯವರು ಮೂರು ದಿನ ತೋರಿಸಿದರು. ಬೀದಿಯಲ್ಲಿ ತರಕಾರಿ ಆರಿಸುತ್ತಿದ್ದರೆ ಹಿಂದಿನಿಂದ ಯಾರೋ ಓಡ್ರೋ, ಬಿರುಗಾಳಿ ಬಂತು, ಎಂದು ಕೂಗಿದರು. ಆ ನಲವತ್ತು ಸಾವಿರ ಜನ ಬದುಕಿಯೇ ಇದ್ದರು, ಅದಕ್ಕೇ ಅವರಿಗೆ ನಗಲು ಸಾಧ್ಯವಾಯಿತು. ಈ ಸರಳ ತರ್ಕ ಅವನಿಗೆ ಹೊಳೆದದ್ದು ಹನ್ನೊಂದು ವರ್ಷ ತಡವಾಗಿ. ಕ್ಯಾಮೆರಾದ ಮುಂದೆ ನಿಂತ ಆ ದಿನದಿಂದ ಅವನು ಅರ್ಧದ ಭಕ್ತನಾದ. ಹೊಸಬರ ಕಿವಿಯಲ್ಲಿ ಹೇಳುವ ಕೆಲಸವನ್ನೂ ತಾನೇ ವಹಿಸಿಕೊಂಡ.

ಬಂದರಿನ ಚಂಡಮಾರುತದ ದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕನ ಫೋನ್ ಬಂದಿತ್ತು. ಅವಳಿದ್ದದ್ದು ಸಮುದ್ರದಿಂದ ದೂರದ ತನ್ನ ಮನೆಯಲ್ಲಿ, ಭಾವ ಬಂದರಿನಲ್ಲಿ. “ಮೊದಲನೇ ಲಾರಿಯಲ್ಲೇ ಹೊರಟು ಬರ್ಲಾ, ಇಲ್ಲ ಎರಡನೇ ಕ್ರೇನನ್ನೂ ಬಿಗಿದು ಕಟ್ಟಿ ಸಂಜೆ ಬರ್ಲಾ ಅಂತ ಕೇಳ್ತಿದಾರೆ ಕಣೋ. ನೀನು ಹೇಳಿದ ಹಾಗೆ ಮಾಡ್ತಾರಂತೆ.” ಬಂದರಿನಿಂದ ಹೊರಬರಲು ಇದ್ದದ್ದು ಒಂದೇ ರಸ್ತೆ, ಸಮುದ್ರದ ಅಂಚಿನಲ್ಲೇ ಹಾಯ್ದು ಬರುವಂಥದು. ಇದೂ ಅವನಿಗೆ ಗೊತ್ತಿತ್ತು. ಐದೂ ನಲವತ್ತರ ನಕ್ಷೆ ಮೇಜಿನ ಮೇಲೇ ಇತ್ತು. ಬಂದರಿನ ಚುಕ್ಕಿಯ ಮೇಲೆ ಅವನ ಎಡಗೈಯ ಬೆರಳಿತ್ತು. ಆ ಬೆರಳನ್ನು ಎತ್ತದೆಯೇ ಅವನು ಹೇಳಿದ: “ಈಗಿನ ಮಟ್ಟಿಗೆ ದಕ್ಷಿಣಕ್ಕೇ ಹೋಗ್ತಾ ಇದೆ ಅಕ್ಕ. ಉತ್ತರಕ್ಕೆ ವಾಲಿದ್ರೂ ವಾಲಬಹುದು. ಮಧ್ಯಾಹ್ನದ ನಕ್ಷೆ ಬಂದ್ಮೇಲೆ ಹೇಳ್ತೀನಿ.” ಸ್ವಂತ ಅಕ್ಕನಿಗೂ ಬುಲೆಟಿನ್ನನ್ನೇ ಓದಿಬಿಟ್ಟಿದ್ದ. ಮಧ್ಯಾಹ್ನದ ನಕ್ಷೆ ಬಂತು, ಅದೇ ಮಾತು ಹೇಳಿತು, ಅವನು ಉಳಿದರ್ಧ ಸರಿಸಿದ, ಬಂದರು ಕೆಂಪಾಯಿತು. ಪದ್ಧತಿಯಲ್ಲಿ ಎಳ್ಳಷ್ಟೂ ಲೋಪವಾಗಲಿಲ್ಲ. ಹನ್ನೆರಡೂ ಕಾಲಿಗೆ ಭಾವನಿಗೆ ಫೋನ್ ಮಾಡಿದ. ಅದು ರಿಂಗ್ ಕೂಡ ಆಗಲಿಲ್ಲ. ಹನ್ನೊಂದೂವರೆಗೇ ರಸ್ತೆ ನೀರೊಳಗೆ ಹೋಗಿತ್ತು. ಬೆಳಿಗ್ಗೆ ಏಳೂವರೆಯ ಲಾರಿಯಲ್ಲಿ ಮೂರೇ ಜನ ಹೊರಟಿದ್ದರೆಂದೂ ಉಳಿದ ಜಾಗದಲ್ಲೆಲ್ಲ ಹಗ್ಗದ ಸುರುಳಿಗಳಿದ್ದವೆಂದೂ ಆಮೇಲೆ ಯಾರೋ ಹೇಳಿದರು.

ಇವತ್ತು ಹನ್ನೊಂದು ಗಂಟೆಗೆ ಪರಿಶೀಲನಾ ಸಭೆ. ಚಂಡಮಾರುತ ಸತ್ತು ತಿಂಗಳುಗಳಾದ ಮೇಲೆ ಎಲ್ಲ ದಾಖಲೆ ತರಿಸಿ, ಅದು ನಿಜವಾಗಿ ಯಾವ ದಾರಿಯಲ್ಲಿ ಹೋಗಿತ್ತು ಎಂದು ಮೇಜಿನ ಸುತ್ತ ಕೂತು ತೀರ್ಮಾನಿಸುವುದು ಇವರ ವೃತ್ತಿಯ ಇನ್ನೊಂದು ವಿಶೇಷ. ಅಲ್ಲಿ ಎಳೆದದ್ದು ಕೊನೆಯ ಗೆರೆ; ಅದು ದೊಡ್ಡ ಪುಸ್ತಕಕ್ಕೆ ಸೇರುತ್ತದೆ, ಮುಂದೆ ಯಾರು ಸಾಗರದ ಸ್ವಭಾವ ಅಳೆಯಲು ಹೊರಟರೂ ಅದನ್ನೇ ನಂಬಬೇಕು. ನಿರ್ದೇಶಕರು ಕೋಟು ಹಾಕಿಕೊಂಡು ಬಂದಿದ್ದರು. ಒಳ್ಳೆಯ ಮನುಷ್ಯರು, ಯಾರ ಮನಸ್ಸನ್ನೂ ನೋಯಿಸದವರು, ವಾಸ್ತವ ಸಂಗತಿಗಳ ಮನಸ್ಸನ್ನು ಮಾತ್ರ ಆಗಾಗ ನೋಯಿಸುತ್ತಿದ್ದರು. ಬಂದರಿನ ರೇಡಾರ್ ಹತ್ತೂವರೆಗೇ ಕಣ್ಣು ಮುಚ್ಚಿತ್ತು, ಆದ್ದರಿಂದ ಚಂಡಮಾರುತ ದಡ ಹತ್ತಿದ್ದು ಬಂದರಿನಲ್ಲೋ ಅದಕ್ಕಿಂತ ಐವತ್ತು ಕಿಲೋಮೀಟರ್ ದಕ್ಷಿಣಕ್ಕೋ ಹೇಳುವವರು ಯಾರು, ಎಂದು ಅವರು ಪ್ರಸ್ತಾಪ ಇಟ್ಟರು. ಐವತ್ತು ದಕ್ಷಿಣಕ್ಕೆ ಎಂದರೆ ಮುನ್ಸೂಚನೆಯ ತಪ್ಪು ಅರ್ಧಕ್ಕಿಳಿಯುತ್ತದೆ, ಎಲ್ಲ ಇಲಾಖೆಗಳೂ ಮಾಡುವಷ್ಟೇ ತಪ್ಪಾಗುತ್ತದೆ. ಹೇಳುವವರು ಹನ್ನೆರಡು ಜನ ಇದ್ದರು, ಸಭೆಗೆ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಉಳಿದದ್ದನ್ನು, ನಿರ್ದೇಶಕರ ಪ್ರಕಾರ, ಸಾಗರ ನೋಡಿಕೊಳ್ಳುತ್ತದೆ: ಸಾಗರದ ಅಸಹಜ ತಾಪಮಾನದಿಂದಾಗಿ ಯಾರೂ ಊಹಿಸಲಾಗದಂತೆ ಚಂಡಮಾರುತ ಉತ್ತರಕ್ಕೆ ಹೊರಳಿತು, ಎಂಬ ಒಂದು ವಾಕ್ಯ ವರದಿಯ ಕೊನೆಗೆ.

ಮೇಜಿನ ಆ ತುದಿಯಲ್ಲಿ ದೀರ್ಘಾವಧಿ ವಿಭಾಗದ ತಜ್ಞೆ ಕೂತಿದ್ದಳು. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಅವಳಿಗೆ ಇವತ್ತಿನ ಗಾಳಿ, ನಾಳಿನ ಮಳೆ ಬೇಕಾಗಿಲ್ಲ. ಇಡೀ ಸಾಗರ ವರ್ಷದಿಂದ ವರ್ಷಕ್ಕೆ ಎಲ್ಲಿ ಕಾಯುತ್ತದೆ, ಎಲ್ಲಿ ಆರುತ್ತದೆ, ಅದರ ಜೊತೆ ಚಂಡಮಾರುತಗಳ ಎಣಿಕೆಯೂ ದಾರಿಯೂ ಹೇಗೆ ಬದಲಾಗುತ್ತವೆ ಎಂದು ಹಳೆಯ ಹಡಗುಗಳ ದಿನಚರಿಯಿಂದ ಹಿಡಿದು ಉಪಗ್ರಹದ ಚಿತ್ರದವರೆಗೆ ಹರಡಿಕೊಂಡು ಕೂರುವವಳು. ಋತು ಶುರುವಾಗುವ ಮೊದಲೇ ಅವಳು ಎಲ್ಲರಿಗೂ ಎರಡು ಪುಟದ ಒಂದು ಟಿಪ್ಪಣಿ ಕಳಿಸಿದ್ದಳು: ಪಶ್ಚಿಮದ ನೀರು ಹೀಗೆ ಕಾದ ವರ್ಷಗಳಲ್ಲಿ, ಕಳೆದ ನಲವತ್ತು ವರ್ಷದಲ್ಲಿ, ಇತ್ತ ಬಂದ ಹನ್ನೆರಡು ಚಂಡಮಾರುತಗಳಲ್ಲಿ ಒಂಬತ್ತು ಕೊನೆಯ ದಿನ ಉತ್ತರಕ್ಕೆ ಹೊರಳಿವೆ, ಹೊರಳಿದ ಮೇಲೆ ವೇಗವಾಗಿ ಬಂದಿವೆ, ಗೆರೆ ಎಳೆಯುವವರು ಗಮನಿಸಬೇಕು. ಗೆರೆ ಎಳೆಯುವವನು ಗಮನಿಸಿದ್ದ. ಒಳ್ಳೆಯ ಟಿಪ್ಪಣಿ ಎಂದು ಅವಳಿಗೆ ಹೇಳಿಯೂ ಇದ್ದ. ಈಗ ನಿರ್ದೇಶಕರು ಅದೇ ಟಿಪ್ಪಣಿಯಿಂದ ಬಿಸಿನೀರನ್ನು ಮಾತ್ರ ಬಸಿದುಕೊಂಡು ಎಚ್ಚರಿಕೆಯನ್ನು ಚೆಲ್ಲಿಬಿಟ್ಟಿದ್ದರು. ತಜ್ಞೆ ತನ್ನ ಕಾಗದಗಳನ್ನು ನೆಟ್ಟಗೆ ಮಾಡಿಕೊಂಡು, ಯಾರೂ ಊಹಿಸಲಾಗದಂತೆ ಎಂದು ಬರೆದರೆ ತಾನು ಚಂಡಮಾರುತಕ್ಕಿಂತ ನಾಲ್ಕು ತಿಂಗಳು ಮೊದಲೇ ಬರೆದದ್ದು ಏನೆಂದು ಕೇಳಿದಳು. ಆಮೇಲೆ ಅವನ ಕಡೆ ತಿರುಗಿ, “ಸರ್, ಹೊಸ ನಕ್ಷೆ ನಿಮ್ಮ ಕೈಗೆ ಬಂದಿದ್ದು ಎಷ್ಟು ಗಂಟೆಗೆ?” ಎಂದಳು.

ಈ ಪ್ರಶ್ನೆಗೆ ಆರು ತಿಂಗಳಿಂದ ಸುಳ್ಳುಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದ ಅವನಿಗೆ ಆ ಕ್ಷಣ ಒಂದೂ ಕೈಗೆ ಸಿಗಲಿಲ್ಲ. “ಐದೂ ನಲವತ್ತಕ್ಕೆ” ಎಂದ. “ಬಂದರಿಗೇ ಬರುತ್ತೆ ಅಂತ ನನಗೆ ಗೊತ್ತಿತ್ತು. ಅರ್ಧ ಮಾತ್ರ ಸರಿಸಿದೆ.” ಹೇಳಿದ ಮೇಲೆ ಏನೋ ಆಗುತ್ತದೆ ಎಂದು ಕಾದ. ಕುರ್ಚಿ ಸರಿಯಬಹುದು, ಯಾರಾದರೂ ಎದ್ದು ನಿಲ್ಲಬಹುದು, ಛೇ ಎನ್ನಬಹುದು. ಚಹಾ ತಂದವನು ಒಬ್ಬೊಬ್ಬರ ಮುಂದೆ ಲೋಟ ಇಟ್ಟುಕೊಂಡು ಹೋಗುತ್ತಿದ್ದ, ಅವನು ಕೊನೆಯ ಲೋಟ ಇಡುವವರೆಗೆ ಎಲ್ಲರೂ ಮರ್ಯಾದೆಗೆ ಸುಮ್ಮನಿದ್ದರು. ನಿರ್ದೇಶಕರು ಒಂದು ಗುಟುಕು ಕುಡಿದು, ನಿಮ್ಮ ಪ್ರಾಮಾಣಿಕತೆ ನಮಗೆಲ್ಲ ಮಾದರಿ, ಆದರೆ ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲವಲ್ಲ, ಎಂದರು. ನಿಜ, ಇರಲಿಲ್ಲ. ಗಾಳಿಯ ವೇಗಕ್ಕಿತ್ತು, ವಾಯುಭಾರಕ್ಕಿತ್ತು, ಚಂಡಮಾರುತದ ಕಣ್ಣಿನ ಅಗಲಕ್ಕೂ ಇತ್ತು. ಅರ್ಧ ಸರಿಸುವುದು ಪದ್ಧತಿ, ಪದ್ಧತಿಯಂತೆ ನಡೆದದ್ದು ತಪ್ಪಲ್ಲ, ತಪ್ಪಲ್ಲದ್ದನ್ನು ಬರೆಯುವ ಅಗತ್ಯವಿಲ್ಲ, ಎಂದು ಅವರು ಮೂರೇ ಹೆಜ್ಜೆಯಲ್ಲಿ ಅವನನ್ನು ದಡ ಮುಟ್ಟಿಸಿದರು. ಮೇಲಾಗಿ, ನಿಮ್ಮ ಮನೆಯಲ್ಲೇ ಸಾವಾಗಿರುವಾಗ ನಿಮ್ಮನ್ನು ನೋಯಿಸುವ ಪ್ರಶ್ನೆಯೇ ಇಲ್ಲ, ಎಂದು ದನಿ ತಗ್ಗಿಸಿ ಸೇರಿಸಿದರು. ಭಾವ ಸತ್ತದ್ದು ತನ್ನ ರಕ್ಷಣೆಗೆ ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತಜ್ಞೆ ಮಾತ್ರ, “ಸಮುದ್ರ ಬಿಸಿಯಾಗಿತ್ತು, ಒಪ್ಪಿದೆ. ಗೆರೆ ಎಳೆದಿದ್ದು ಸಮುದ್ರ ಅಲ್ಲ” ಎಂದಳು. ಅವಳ ಭಿನ್ನಾಭಿಪ್ರಾಯವನ್ನು ಅನುಬಂಧದಲ್ಲಿ ಸೇರಿಸುವುದೆಂದು ತೀರ್ಮಾನವಾಯಿತು; ಅನುಬಂಧವನ್ನು ಇಷ್ಟು ವರ್ಷದಲ್ಲಿ ಬಿಚ್ಚಿ ನೋಡಿದ್ದು ಗೆದ್ದಲು ಮಾತ್ರ.

ಅವನು ಗೆರೆ ಎಳೆದ. ಎಲ್ಲರೂ ಅವನ ಕೈಯಿಂದಲೇ ಆಗಲಿ ಎಂದಿದ್ದರು, ಅಷ್ಟು ನಯವಾದ ಗೆರೆ ಬೇರೆ ಯಾರಿಗೂ ಬರುತ್ತಿರಲಿಲ್ಲ. ಐವತ್ತು ಕಿಲೋಮೀಟರ್ ದಕ್ಷಿಣಕ್ಕಲ್ಲ, ಬಂದರಿನ ಚುಕ್ಕಿಯ ಮೇಲೇ ಎಳೆದ. ಆ ನಾಲ್ಕು ಬೆರಳು ಉದ್ದದ ದಾರಿಯಲ್ಲಿ ಪೆನ್ಸಿಲ್ಲನ್ನು ಒಮ್ಮೆಯೂ ಎತ್ತಲಿಲ್ಲ, ಅದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ನಿರ್ದೇಶಕರು ಕತ್ತು ಬಗ್ಗಿಸಿ ನೋಡಿ, ಆಗಲಿ, ಗೆರೆ ನಿಮ್ಮದಿರಲಿ, ವಾಕ್ಯ ನಮ್ಮದಿರಲಿ, ಎಂದು ನಕ್ಕರು. ಸಹಿಯ ಹಾಳೆ ಸುತ್ತು ಬಂತು. ತಜ್ಞೆ ಸಹಿ ಹಾಕದೆ ಅವನ ಮುಂದೆ ತಳ್ಳಿದಳು, ತಳ್ಳಿ ಅವನ ಮುಖ ನೋಡುತ್ತ ಕೂತಳು. ಅವನು ಸಹಿ ಹಾಕಿದ. ಯಾರೂ ಊಹಿಸಲಾಗದಂತೆ, ಎಂಬುದರ ಕೆಳಗೇ ಜಾಗ ಇತ್ತು. ತಾನು ಬಾಯಿಬಿಟ್ಟು ಹೇಳಿದ್ದಾಗಿದೆ, ಇನ್ನು ಕಾಗದ ಏನು ಹೇಳಿದರೇನು ಎಂದು ಅವನ ಮನಸ್ಸು ಅಷ್ಟರಲ್ಲೇ ಸಮಾಧಾನ ಹೇಳಿಕೊಂಡಿತ್ತು. ಅವಳು ಕಾಗದಗಳನ್ನು ಎತ್ತಿಕೊಂಡು ಹೊರಡುವಾಗ ಅವನಿಗೆ ಏನಾದರೂ ಹೇಳಬೇಕೆನ್ನಿಸಿ, ನಿಮ್ಮ ಟಿಪ್ಪಣಿ ಚೆನ್ನಾಗಿತ್ತು, ಎಂದ. “ಹೋದ ಸಲವೂ ಹಾಗೇ ಅಂದ್ರಿ ಸರ್” ಎಂದು ಹೇಳಿ ಅವಳು ಬಾಗಿಲು ದಾಟಿದಳು.

ಮನೆಗೆ ನಡೆದೇ ಹೊರಟ. ಬಿಸಿಲು ಚುರುಕಾಗಿತ್ತು, ಮೋಡದ ಸುಳಿವಿರಲಿಲ್ಲ, ಬೆಳಿಗ್ಗೆ ಹೇಳಿದ್ದಾದರೂ ನಿಜವಾಯಿತಲ್ಲ ಎಂದುಕೊಂಡ. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಿತ್ತು. ಏಳು ಜನರ ಮುಂದೆ ಹೇಳಿದವನು ಒಬ್ಬಳ ಮುಂದೆ ಹೇಳಲಾರನೇ? ವಾಕ್ಯಗಳನ್ನು ಜೋಡಿಸುತ್ತ ನಡೆದ. ಅಕ್ಕ, ಅವತ್ತು ನೀನು ಫೋನ್ ಮಾಡಿದಾಗ ನನಗೆ ಗೊತ್ತಿತ್ತು. ಇಷ್ಟೇ. ಸಾಗರ ಬೇಡ, ಡಿಗ್ರಿ ಬೇಡ, ಹನ್ನೊಂದು ವರ್ಷದ ಹಿಂದಿನ ಬೆವರ ಹನಿಯೂ ಬೇಡ. ಅವಳು ಏನು ಮಾಡಿಯಾಳು ಎಂದು ಯೋಚಿಸಿದ. ಎದ್ದು ಒಳಗೆ ಹೋಗಿ ಪೆಟ್ಟಿಗೆ ಕಟ್ಟಿಯಾಳು. ಇನ್ನೆಂದೂ ಇವನ ಮುಖ ನೋಡಲಾರಳು. ಚಿಕ್ಕವನಿದ್ದಾಗ ಅವನು ಮುರಿದ ಪಿಂಗಾಣಿಯ ತಟ್ಟೆಯನ್ನು ತಾನು ಮುರಿದೆನೆಂದು ಅಪ್ಪನಿಂದ ಏಟು ತಿಂದಿದ್ದವಳು ಅವಳು, ಏಟು ತಿಂದು ಬಂದು ಇವನನ್ನೇ ಸಮಾಧಾನ ಮಾಡಿದ್ದಳು. ಅಂಥವಳನ್ನು ಕಳೆದುಕೊಳ್ಳಬೇಕು. ಕಳೆದುಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಆ ಗಟ್ಟಿತನ ಬೀದಿಯ ತಿರುವಿನವರೆಗೂ ಉಳಿಯಿತು, ಗೇಟಿನವರೆಗೂ ಉಳಿಯಿತು, ಮೆಟ್ಟಿಲು ಹತ್ತುವಾಗಲೂ ಇತ್ತು. ಇದರಿಂದ ಅವನಿಗೇ ಆಶ್ಚರ್ಯವಾಯಿತು.

ಅಕ್ಕ ಊಟದ ಮೇಜಿನ ಹತ್ತಿರ ಕೂತಿದ್ದಳು. ಎರಡು ತಟ್ಟೆ ಇಟ್ಟಿದ್ದಳು, ಬಡಿಸಿರಲಿಲ್ಲ. ಕಣ್ಣುಗಳು ಊದಿಕೊಂಡಿದ್ದವು. ಅವನು ಚಪ್ಪಲಿ ಬಿಟ್ಟು, ಕೈಯನ್ನೂ ತೊಳೆಯದೆ ಎದುರಿನ ಕುರ್ಚಿ ಎಳೆದು ಕೂತು, “ಅಕ್ಕ, ಅವತ್ತು ಬೆಳಿಗ್ಗೆ ನೀನು ಫೋನ್ ಮಾಡಿದಾಗ” ಎಂದು ಶುರು ಮಾಡಿದ. ಅವಳು ಥಟ್ಟನೆ ಕೈ ಎತ್ತಿ ತಡೆದಳು. ನೀನು ಕೇಳುತ್ತೀಯ ಅಂತ ನನಗೆ ಗೊತ್ತಿತ್ತು, ಎಂದಳು. ಸಭೆಯಲ್ಲಿ ಅವತ್ತಿನದೆಲ್ಲ ಕೆದಕುತ್ತಾರೆ ಎಂದು ಪೇಪರಿನಲ್ಲಿ ಓದಿದಾಗಿನಿಂದ ಅವಳಿಗೆ ನಿದ್ದೆ ಇರಲಿಲ್ಲವಂತೆ. ನೀನೇ ಕೇಳುವ ಮೊದಲು ನಾನೇ ಹೇಳಿಬಿಡಬೇಕು ಅಂತಿದ್ದೆ, ಧೈರ್ಯ ಸಾಲಲಿಲ್ಲ, ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನಿಗೆ ಏನೂ ತಿಳಿಯಲಿಲ್ಲ.

“ನೀನು ಎರಡು ಮಾತು ಹೇಳಿದ್ದೆ ಕಣೋ. ನಾನು ಅವರಿಗೆ ಒಂದೇ ಹೇಳಿದೆ. ಉತ್ತರಕ್ಕೆ ವಾಲಿದ್ರೂ ವಾಲಬಹುದು ಅಂದಿದ್ದೆಯಲ್ಲ, ಅದನ್ನ ಹೇಳಲಿಲ್ಲ. ಹೇಳಿದ್ರೆ ನಗ್ತಿದ್ರು. ನಿನ್ನ ತಮ್ಮ ಯಾವತ್ತಾದ್ರೂ ನೆಟ್ಟಗೆ ಒಂದು ಮಾತು ಆಡಿದಾನಾ, ಬರಬಹುದು ಬರದೆಯೂ ಇರಬಹುದು, ಅದಕ್ಕೇ ಅವನಿಗೆ ಸಂಬಳ ಅಂತ ಅಲ್ಲಿ ಎಲ್ಲರ ಮುಂದೆ ಆಡ್ಕೋತಿದ್ರು. ನನಗೆ ಸಹಿಸೋಕಾಗ್ತಿರಲಿಲ್ಲ. ಅವತ್ತೊಂದು ದಿನ ನಿನ್ನ ಮಾತು ಗಟ್ಟಿಯಾಗಿ ಕೇಳಿಸ್ಲಿ ಅಂತ, ದಕ್ಷಿಣಕ್ಕೇ ಹೋಗುತ್ತಂತೆ, ಖಂಡಿತವಂತೆ, ನನ್ನ ತಮ್ಮ ಹೇಳಿದಾನೆ, ಆರಾಮಾಗಿ ಕೆಲಸ ಮುಗಿಸ್ಕೊಂಡು ಬನ್ನಿ ಅಂದ್ಬಿಟ್ಟೆ.”

ಆಮೇಲೆ ಅವಳು ಅಳಲಿಲ್ಲ, ಅಳುವುದೆಲ್ಲ ಮೊದಲೇ ಆಗಿಹೋಗಿತ್ತು. ಮೇಜಿನ ಮೇಲೆ ಬೆರಳಾಡಿಸುತ್ತ ಉಳಿದದ್ದನ್ನು ಹೇಳಿದಳು. ನೀನು ಪಾಪ ಎಚ್ಚರಿಕೆ ಕೊಟ್ಟಿದ್ದೆ, ಕೊಂದವಳು ನಾನು. ನೀನು ಸಮುದ್ರದ ಮೇಲೆ ಹಾಕಿ ಅಷ್ಟು ಹೊತ್ತು ವಿವರಿಸಿದಾಗ ನನ್ನ ಪಾಪ ಮುಚ್ಚುವುದಕ್ಕೇ ಹೇಳುತ್ತಿದ್ದೀಯೇನೋ ಅನ್ನಿಸಿತ್ತು. ನಿನ್ನ ಮೇಲೇನಾದರೂ ಹೊರಿಸುತ್ತಿದ್ದರೆ ಹೇಳು, ನಾನೇ ನಿಮ್ಮ ಆಫೀಸಿಗೆ ಬಂದು ನನ್ನ ತಮ್ಮ ಸರಿಯಾಗೇ ಹೇಳಿದ್ದ, ನಾನು ಕೆಡಿಸಿದೆ, ಅಂತ ಬರೆದುಕೊಡುತ್ತೇನೆ. ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಆರು ತಿಂಗಳು ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದ ಬೆರಳುಗಳು. ಅವಳು ಕ್ಷಮಿಸುತ್ತಿದ್ದಾಳೆಂದು ಇವನು ನಾಚುತ್ತಿದ್ದಾಗ ಅವಳು ದಂಡ ಕಟ್ಟುತ್ತಿದ್ದಳು. ಅವನು ಹೇಳಬೇಕಾದದ್ದು ಬಾಯಲ್ಲೇ ಇತ್ತು, ಶುರುವಿನ ಆರು ಶಬ್ದಗಳು ಆಗಲೇ ಹೊರಗೆ ಬಂದಾಗಿತ್ತು, ಉಳಿದದ್ದು ಎರಡು. ಆ ಎರಡನ್ನು ಹೇಳಿದರೆ ಅವಳ ಭಾರವೆಲ್ಲ ಈ ಮೇಜಿನ ಮೇಲೇ ಇಳಿದುಹೋಗುತ್ತದೆ, ಬದಲಿಗೆ ಇವನು ಅವಳನ್ನು ಕಳೆದುಕೊಳ್ಳುತ್ತಾನೆ. ಇದು ಐದೂ ನಲವತ್ತರ ನಕ್ಷೆಗಿಂತ ಸ್ಪಷ್ಟವಾಗಿ ಅವನಿಗೆ ಕಂಡಿತು.

ಅಕ್ಕ ತಲೆ ಎತ್ತಿದಳು. “ನನ್ನನ್ನ ಕ್ಷಮಿಸ್ತೀಯಾ?”

ಅವನು ಮೇಜಿನಾಚೆಗೆ ಕೈ ಚಾಚಿ ಅವಳ ಕೈಯನ್ನು ಹಿಡಿದುಕೊಂಡ. “ಬಿಡಕ್ಕ. ಆದದ್ದು ಆಯ್ತು. ನಿನ್ನ ಮೇಲೆ ನನಗೇನೂ ಕೋಪ ಇಲ್ಲ” ಎಂದ. ದನಿ ಅವನೇ ಎಣಿಸಿರದಷ್ಟು ಮೃದುವಾಗಿ ಬಂತು. ಅಕ್ಕನ ಮುಖ ಆರು ತಿಂಗಳಲ್ಲಿ ಮೊದಲ ಸಲ ಸಡಿಲವಾಯಿತು. ನಿನ್ನಂಥ ತಮ್ಮ ಯಾರಿಗೆ ಸಿಗ್ತಾನೆ, ಎನ್ನುತ್ತ ಎದ್ದು, ಕೈ ತೊಳ್ಕೊಂಡು ಬಾ ಎಂದಳು. ಅವನು ತೊಳೆದುಕೊಂಡು ಬಂದ. ಅವಳು ಬಡಿಸಿದಳು. ಬೆಳಗಿನಿಂದ ಏನೂ ಸೇರಿರಲಿಲ್ಲ, ಈಗ ಚೆನ್ನಾಗಿ ಹಸಿದಿತ್ತು. ಅವನು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದ.